ಸೇತುವೆಯ ಮೇಲೆ ಕರೆಯುವ ದನಿ

ಹೊನ್ನಾವರದ ಒಂದು ಪದವಿ ಕಾಲೇಜಿನಲ್ಲಿ ನಾನು ಪತ್ರಿಕೋದ್ಯಮದ ಅತಿಥಿ ಉಪನ್ಯಾಸಕಿ. ಮನೆ ಕುಮಟಾದಲ್ಲಿ. ಬೆಳಿಗ್ಗೆ ಟೆಂಪೋ ಹಿಡಿದು ಹೋಗುವುದು, ಸಂಜೆ ಟೆಂಪೋ ಹಿಡಿದು ಬರುವುದು. ಮೊದಲ ವರ್ಷದ ಮಕ್ಕಳಿಗೆ ಕಲಿಸುವ ವಿಷಯ ‘ಸಂವಹನ ಪರಿಚಯ’. ಮೊದಲ ದಿನದ ಪಾಠ ಯಾವಾಗಲೂ ಒಂದೇ. ಹಲಗೆಯ ಎಡಕ್ಕೆ ಒಂದು ಚೌಕ, ಬಲಕ್ಕೆ ಒಂದು ಚೌಕ, ನಡುವೆ ಬಾಣ. ಎಡಗಡೆ ಹೇಳುವವನು, ಬಲಗಡೆ ಕೇಳುವವನು, ಬಾಣವೆಂದರೆ ಮಾಧ್ಯಮ. ಬಾಣದ ಮೇಲೆ ಒಂದಿಷ್ಟು ಗೀಚಿ ಅದಕ್ಕೆ ‘ಗದ್ದಲ’ ಎಂದು ಹೆಸರಿಡುತ್ತೇನೆ. ಬಲದಿಂದ ಎಡಕ್ಕೆ ಇನ್ನೊಂದು ಬಾಣ ಬಾಗಿಸಿ ಎಳೆದು, ಅದು ‘ಹಿಮ್ಮಾಹಿತಿ’, ಕೇಳಿದವನಿಂದ ಹೇಳಿದವನಿಗೆ ಮರಳುವ ಸುದ್ದಿ ಎನ್ನುತ್ತೇನೆ. ಕೇಳುವವನೇ ಇಲ್ಲದಿದ್ದರೆ ಅದು ಸಂವಹನವಲ್ಲ, ಬರೀ ಕೂಗು ಎಂದು ಹೇಳಿ ಪಾಠ ಮುಗಿಸುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು.

ಆ ವರ್ಷ ನವರಾತ್ರಿ ಕಳೆದ ಮೇಲೆ ನಮ್ಮ ಕಡೆಯ ಎಲ್ಲ ಫೋನುಗಳಿಗೆ ಒಂದು ದನಿ ಬಂತು. ನಮ್ಮ ಮನೆಗೆ ಬಂದದ್ದು ಅಮ್ಮನ ಭಜನಾ ಮಂಡಳಿಯ ಗ್ರೂಪಿನಿಂದ. ಅಮ್ಮ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕವುಚಿಟ್ಟು ಹೇಳಿದಳು, “ಇದ್ನ ಕೇಳೂದಾದ್ರೆ ಈಗ್ಲೇ ಕೇಳು. ದೀಪ ಹಚ್ಚಿದ್ ಮೇಲೆ ಕೇಳೂಕಾಗ್ದಂತೆ.”

“ಎಂತ ಅದು?”

“ಯಾರೋ ಹೆಂಗ್ಸು. ಹೊನ್ನಾವರ ಸೇತುವೆ ಮೇಲೆ ಕರೀತದಂತೆ.”

ನಾನು ಕೇಳಿದೆ. ಮೊದಲು ಗಾಳಿ. ಆಮೇಲೆ ಒಬ್ಬ ಹೆಂಗಸಿನ ದನಿ, ತೀರ ಹತ್ತಿರದಲ್ಲಿ, ನನ್ನ ಕಿವಿಯ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ.

“ಎಲ್ಲಿದ್ರಿ? ಕತ್ಲಾತು. ಗಂಜಿ ಬೇಯ್ಸಿ ಇಟ್ಟಿದ್ದೆ. ಬಾಗ್ಲು ಹಾಕ್ಲಿಲ್ಲ. ಬನ್ನಿ.” ಸ್ವಲ್ಪ ಬಿಟ್ಟು, “ಕರೀತಾ ಇದ್ದೆ. ಕೇಳ್ತದಾ?”

ಅಷ್ಟೇ. ಅಳು ಇರಲಿಲ್ಲ, ಕೂಗಾಟ ಇರಲಿಲ್ಲ. ಅಂಗಳದ ಆಚೆ ನಿಂತ ಗಂಡನನ್ನು ಊಟಕ್ಕೆ ಕರೆಯುವಂಥ ಸಾದಾ ದನಿ. ಅತ್ತಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಅದರ ಕೆಳಗೆ ಯಾರೋ ಬರೆದಿದ್ದರು: ಸಂಜೆ ಹೊತ್ತು ಶರಾವತಿ ಸೇತುವೆಯ ಮೇಲೆ ಗಾಡಿ ನಿಲ್ಲಿಸಬೇಡಿ, ಮುಳುಗಿ ಸತ್ತವಳು ಕರೆಯುತ್ತಾಳೆ, ಏನೇ ಆದರೂ ‘ಬಂದೆ’ ಅನ್ನಬೇಡಿ, ಅಂದವನೊಬ್ಬ ಮನೆ ಮುಟ್ಟಲಿಲ್ಲ, ಕೇಳಿದವರು ಇನ್ನೊಬ್ಬರಿಗೆ ಕಳಿಸಿ.

ನಾನು ನಕ್ಕೆ. ಅಮ್ಮ ನಗಲಿಲ್ಲ. ಅವಳು ಆಗಲೇ ತನ್ನ ಅಕ್ಕನಿಗೆ ಕಳಿಸಿಯಾಗಿತ್ತು.

ವಾರದೊಳಗೆ ಊರಿನ ರೀತಿಯೇ ಬದಲಾಯಿತು. ಕೊನೆಯ ಪೀರಿಯಡ್ಡಿಗೆ ನದಿಯ ಆ ದಡದ ಹುಡುಗಿಯರು ಕೂರುವುದನ್ನು ಬಿಟ್ಟರು. ಸೇತುವೆ ಬಂತೆಂದರೆ ಟೆಂಪೋದವರು ಗ್ಲಾಸು ಏರಿಸಿ ಹಾಡಿನ ದನಿ ಜೋರು ಮಾಡುತ್ತಿದ್ದರು. ಒಂದು ಸಂಜೆ ಮಂಕಿಯಲ್ಲಿ ಒಂದು ಮದುವೆ ಮನೆಗೆ ಹೋಗಿ ಮರಳುತ್ತಿದ್ದೆ. ಮುಂದೆ ಯಾವುದೋ ಲಾರಿ ಕೆಟ್ಟು ಸೇತುವೆಯ ನಟ್ಟನಡುವೆ ನಮ್ಮ ಟೆಂಪೋ ನಿಂತಿತು. ಚಾಲಕ ಎಂಜಿನ್ ಆರಿಸಿದ. ಹಾಡೂ ನಿಂತಿತು. ಕೆಳಗೆ ಇಳಿತದ ನೀರು ಕಂಬಗಳಿಗೆ ಸುತ್ತಿಕೊಂಡು ಸಮುದ್ರದ ಕಡೆ ಹರಿಯುವ ಸದ್ದು ಮಾತ್ರ. ಒಳಗೆ ಹದಿನೈದಿಪ್ಪತ್ತು ಜನ ಇದ್ದಿರಬೇಕು, ಒಬ್ಬರೂ ಪಕ್ಕಕ್ಕೆ ತಿರುಗಲಿಲ್ಲ. ಎಲ್ಲರ ಕಣ್ಣೂ ಮುಂದಿನ ಸೀಟಿನ ಬೆನ್ನಿಗೆ ನೆಟ್ಟಿತ್ತು. ಹೊರಗಿನಿಂದ ಯಾರಾದರೂ ನೋಡಿದ್ದರೆ ನಾವೇ ಸತ್ತವರ ಗಾಡಿಯಂತೆ ಕಾಣುತ್ತಿದ್ದೆವು. ಲಾರಿ ಸರಿದು ಟೆಂಪೋ ಹೊರಟ ಮೇಲೆ, ನಾನೂ ಅಷ್ಟು ಹೊತ್ತು ತುಟಿ ಬಿಗಿದು ಕೂತಿದ್ದೆನೆಂದು ಗೊತ್ತಾಯಿತು.

ನನಗೆ ನನ್ನ ಮೇಲೇ ಸಿಟ್ಟು ಬಂತು. ಮರುದಿನ ಪಾಠಕ್ಕೆ ‘ವದಂತಿ’ಯನ್ನೇ ಎತ್ತಿಕೊಂಡೆ. ನಿಮ್ಮ ನಿಮ್ಮ ಮನೆಗೆ ಆ ದನಿಯ ಜೊತೆ ಯಾವ ಬರಹ ಬಂದಿದೆಯೋ ಅದನ್ನು ಇದ್ದಂತೆಯೇ ಓದಿ ಎಂದೆ. ತರಗತಿ ಅಂಥ ಹುರುಪಿನಲ್ಲಿದ್ದುದನ್ನು ನಾನು ನೋಡಿರಲಿಲ್ಲ. ಕುಮಟಾ ಕಡೆಯವರಿಗೆ ಅವಳು ದೀವಗಿ ಸೇತುವೆಯಲ್ಲಿದ್ದಳು. ಭಟ್ಕಳದವರಿಗೆ ಬಂದರಿನ ದೀಪಸ್ತಂಭದ ಕೆಳಗೆ. ಕರ್ಕಿಯ ಹುಡುಗನ ಮನೆಯಲ್ಲಿ ಅವಳು ಯಕ್ಷಗಾನದ ಆಟ ನೋಡಿ ಮರಳುವವರ ಹಿಂದೆ ಗೆಜ್ಜೆ ಕಟ್ಟಿ ನಡೆಯುತ್ತಿದ್ದಳು. ಸಂತೆಗುಳಿಯ ಹುಡುಗಿ ಪಕ್ಕದವಳ ಫೋನು ನೋಡಿ, “ನಿಮ್ಮಲ್ಲಿ ಸೇತುವೆ ಹೇಳಿ ಇದ್ದಾ? ಯಂಗಳಲ್ಲಿ ಕೆರೆ ದಂಡೆ ಹೇಳಿ ಇದ್ದು” ಎಂದಳು. ಹಲಗೆ ತುಂಬಿತು. ನೋಡಿ, ದನಿ ಒಂದೇ, ಆದರೆ ಪ್ರತಿ ಊರೂ ಅದನ್ನು ತಾನು ಮೊದಲೇ ಹೆದರುತ್ತಿದ್ದ ಜಾಗದಲ್ಲಿ ಕೂರಿಸಿದೆ, ಕೈ ದಾಟುವಾಗ ಬೇಡದ್ದು ಉದುರುತ್ತದೆ, ಬೇಕಾದ್ದು ಚೂಪಾಗುತ್ತದೆ ಎಂದು ವಿವರಿಸಿದೆ. ಪಾಠ ನಿಜಕ್ಕೂ ಚೆನ್ನಾಗಿತ್ತು.

ಒಬ್ಬ ಹುಡುಗ ತನ್ನ ಫೋನನ್ನು ತರಗತಿಯ ಸ್ಪೀಕರಿಗೆ ಜೋಡಿಸಿ ದನಿಯನ್ನು ಹಾಕಿದ. ಬೆಳಕಿನಲ್ಲಿ, ಅಷ್ಟು ಜನರ ನಡುವೆ, ಅದು ನಗೆಯ ವಸ್ತುವಾಯಿತು. “ಕೇಳ್ತದಾ?” ಎಂದು ದನಿ ಕೇಳಿದಾಗ ಹಿಂದಿನ ಬೆಂಚಿನಿಂದ ಯಾರೋ “ಬಂದೇ...” ಎಂದು ರಾಗ ಎಳೆದ. ಕೋಣೆಗೆ ಕೋಣೆಯೇ ನಕ್ಕಿತು. ಆ ನಗುವಿನ ನಡುವೆ ಕಿಟಕಿ ಪಕ್ಕದ ಒಬ್ಬಳು ಹುಡುಗಿ ಎದ್ದು, ನನ್ನನ್ನು ಕೇಳದೆ ಹೊರಗೆ ಹೋದಳು.

ಪಾಠ ಮುಗಿದ ಮೇಲೆ ಅವಳು ಗ್ರಂಥಾಲಯದ ಜಗಲಿಯಲ್ಲಿ ನಿಂತಿದ್ದಳು. ಕಾಸರಕೋಡದಿಂದ ಬರುವವಳು, ತರಗತಿಯಲ್ಲಿ ಬಾಯಿ ಬಿಡದವಳು.

“ಮೇಡಂ, ಅದು ದೆವ್ವದ್ದಲ್ಲ. ನನ್ ಚಿಕ್ಕಮ್ಮನ ದನಿ.”

“ಅವರು... ಇದ್ದಾರಾ?”

“ಇದ್ದಾಳೆ. ಈಗ ಮೀನು ಒಣಗ್ಸೂಕೆ ಹಾಕ್ತಾ ಇರ್ತಾಳೆ.”

ಆಮೇಲೆ ಬಿಡಿಬಿಡಿಯಾಗಿ ಹೇಳಿದಳು. ಚಿಕ್ಕಪ್ಪ ಕುಮಟಾ ಕಡೆಯವನು, ಮದುವೆಯಾಗಿ ಬಂದು ಕಾಸರಕೋಡದಲ್ಲೇ ನಿಂತು ಬೋಟಿಗೆ ಹೋಗುತ್ತಿದ್ದ. ಹಿಂದಿನ ವರ್ಷ ಮಳೆಗಾಲ ಶುರುವಾಗುವ ಮುಂಚೆ ಎದ್ದ ಗಾಳಿಯಲ್ಲಿ ಬೋಟು ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಮಗುಚಿತು. ಉಳಿದವರು ಹೇಗೋ ದಡ ಸೇರಿದರು. ಅವನು ಸಿಗಲಿಲ್ಲ, ಅವನ ದೇಹವೂ ಸಿಗಲಿಲ್ಲ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದ ಫೋನೂ ಅವನ ಜೊತೆಗೇ ಹೋಯಿತು. ಚಿಕ್ಕಮ್ಮ ಅಂದಿನಿಂದ ಆ ನಂಬರಿಗೆ ದಿನಾ ಸಂಜೆ ದನಿ ಕಳಿಸುತ್ತಾಳೆ.

“ನಮ್ ಕೇರಿಗೂ ಬಂದದೆ ಮೇಡಂ ಅದು. ಎಲ್ರಿಗೂ ಗೊತ್ತು ಅವ್ಳ ದನಿ ಅಂತ. ಅವ್ಳೆದುರಿಗೆ ಯಾರೂ ಫೋನೇ ತೆಗೆಯೂದಿಲ್ಲ.”

ಸುದ್ದಿಯನ್ನು ಬಾಗಿಲಲ್ಲಿ ತಡೆದು ನಿಲ್ಲಿಸುವ ದ್ವಾರಪಾಲಕರ ಬಗ್ಗೆ ನಾನು ಪಾಠ ಮಾಡುತ್ತೇನೆ. ಒಂದು ಇಡೀ ಕೇರಿ, ಮಕ್ಕಳು ಮುದುಕರ ಸಮೇತ, ಒಬ್ಬ ಹೆಂಗಸಿನ ಸುತ್ತ ಹಾಗೆ ನಿಂತದ್ದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

“ಮತ್ತೆ ಅದು ಹೊರಗೆ ಹೇಗೆ ಬಂತು?” ಎಂದು ಕೇಳಿದೆ. “ಅವರು ಬೇರೆ ಯಾರಿಗಾದರೂ ಕಳಿಸಿದ್ದರಾ?”

“ಅದೇ ಗೊತ್ತಾಗೂದಿಲ್ಲ. ಚಿಕ್ಕಪ್ಪನ ನಂಬರು ಬಿಟ್ರೆ ಯಾರಿಗೂ ಕಳ್ಸೂದಿಲ್ಲ ಅವ್ಳು.”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಾನು ಇಷ್ಟು ದಿನ ಒಬ್ಬಳೇ ಹೊತ್ತ ಯೋಚನೆ ನನಗೂ ಬಂತೋ ಇಲ್ಲವೋ ಎಂದು ನೋಡುತ್ತಿದ್ದಳು. ಬಂದಿತ್ತು: ನೀರಿನಡಿ ಹೋದ ಫೋನಿನಿಂದ ಅದು ಹೊರಟದ್ದು ಹೇಗೆ?

ಆ ಶನಿವಾರ ಮಧ್ಯಾಹ್ನ ಅವಳ ಜೊತೆ ಕಾಸರಕೋಡಕ್ಕೆ ಹೋದೆ. ಮರಳಿನ ಮೇಲೆ ಬಲೆ ಹಾಸಿ ಬಂಗಡೆ ಹರವಿದ್ದರು. ಚಿಕ್ಕಮ್ಮ ಒಂದೊಂದೇ ಮೀನು ತಿರುವಿ ಹಾಕುತ್ತಿದ್ದಳು. ನನ್ನದೇ ವಯಸ್ಸು, ತೆಳ್ಳಗೆ, ಕೊರಳಲ್ಲಿ ಕರಿಮಣಿ ಹಾಗೇ ಇತ್ತು. ಅಕ್ಕನ ಮಗಳ ಕಾಲೇಜಿನವರು ಎಂದಾಕ್ಷಣ ಕೈ ತೊಳೆದು ಬಂದಳು.

“ಅಕ್ಕೋರೆ, ಬಿಸ್ಲಲ್ ನಿಂತ್ರಿ. ಒಳ್ಗೆ ಬನ್ನಿ.”

ಆ ‘ಬನ್ನಿ’ ಕೇಳಿದ್ದೇ ನನ್ನ ಹೆಜ್ಜೆ ಒಂದು ಕ್ಷಣ ನಿಂತುಹೋಯಿತು. ಅದೇ ದನಿ. ಫೋನಿನಲ್ಲಿ ಕೇಳಿದ್ದಕ್ಕಿಂತ ಸ್ವಲ್ಪ ದಪ್ಪ, ಅಷ್ಟೇ. ನಾನು ‘ಬಂದೆ’ ಎನ್ನಲಿಲ್ಲ. ಸುಮ್ಮನೆ ತಲೆಯಾಡಿಸಿ ಒಳಗೆ ಹೋದೆ.

ಕಪ್ಪು ಚಾ ಕೊಟ್ಟಳು. ಅಕ್ಕನ ಮಗಳ ಓದು, ಮೀನಿನ ರೇಟು, ಬಂದರಿನ ಗಲಾಟೆ ಎಂದು ಮಾತು ಸುತ್ತಿತು. ಗಂಡನ ವಿಷಯ ನಾನು ಎತ್ತಲಿಲ್ಲ, ಅವಳೇ ಎತ್ತಿದಳು. ಸೂರ್ಯ ಕಂತುವ ಹೊತ್ತಿಗೆ ದೇವರ ಮುಂದೆ ದೀಪ ಹಚ್ಚಿ ಬಂದು, ಗೋಡೆಯ ಗೂಡಿನಿಂದ ಫೋನು ತೆಗೆದುಕೊಂಡು ನಮ್ಮ ಪಕ್ಕ ಕೂತಳು.

“ಅಕ್ಕೋರೆ, ನೀವು ಇದನ್ನೆಲ್ಲ ಓದ್ದವ್ರು. ನಿಮ್ಗೊಂದು ತೋರಿಸ್ತೆ. ಇವ್ಳಿಗೂ ಹೇಳ್ಲಿಲ್ಲ ನಾನು.”

ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದಳು. “ಇವತ್ತು ಅಕ್ಕೋರು ಬಂದವ್ರೆ. ಗಾಳಿ ಇಲ್ಲ. ಬನ್ನಿ. ಕೇಳ್ತದಾ?” ಬೆರಳು ಬಿಟ್ಟಳು. ಸಂದೇಶದ ಪಕ್ಕದಲ್ಲಿ ಒಂದು ಸಣ್ಣ ಗೀಟು ಮೂಡಿತು. ನೋಡುತ್ತಿದ್ದಂತೆ ಅದರ ಮಗ್ಗುಲಿಗೆ ಇನ್ನೊಂದು.

“ಹೋದ್ ವರ್ಷದಿಂದ ಒಂದೇ ಇತ್ತು,” ಎಂದಳು. “ಕಳ್ಸಿದ್ದೆಲ್ಲ ಒಂದೇ ಗೀಟಲ್ಲಿ ಬಿದ್ಕಂಡಿರ್ತಿತ್ತು. ಈ ಸಲ ಚೌತಿ ಮುಗದ್ ಮೇಲೆ ಒಂದಿನ ಎರಡಾತು. ನಾನು ಸುಳ್ಳೇನೋ ಅಂದ್ಕಂಡೆ. ತಡೀರಿ, ಇನ್ನೂ ಅದೆ.”

ನಾವು ಮೂವರೂ ಆ ಸಣ್ಣ ಪರದೆಯ ಮೇಲೆ ಬಗ್ಗಿದೆವು. ಹೊರಗೆ ಯಾರೋ ಬುಟ್ಟಿ ಎಳೆಯುತ್ತಿದ್ದರು. ದೀಪದ ಎಣ್ಣೆ ಚಟ್ ಅಂದಿತು. ಆಗ ಎರಡು ಗೀಟೂ ನೀಲಿಯಾದವು.

“ಕೇಳಿದ್ರು,” ಎಂದಳು ಅವಳು. ಅವಳ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ ನನಗೆ ಬೆನ್ನ ಮೇಲೆ ನೀರು ಸುರಿದಂತಾಯಿತು.

ಹುಡುಗಿ ನನ್ನ ಸೆರಗು ಹಿಡಿದುಕೊಂಡಿದ್ದಳು. ನಾನು ಕೇಳಿದೆ, “ಫೋನ್ ಮಾಡಿ ನೋಡಿದ್ದೀರಾ?”

“ಮಾಡ್ದೆ. ಎತ್ತುತ್ರು. ಮಾತಾಡೂದಿಲ್ಲ. ಉಸ್ರಾಡೂದು ಕೇಳ್ತದೆ. ಒಂದ್ಸಲ ಕೆಮ್ಮಿದ್ರು.” ಅವಳು ಫೋನನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿಟ್ಟಳು. “ಅಲ್ಲಿಂದ ಮಾತಾಡೂಕೆ ಆಗೂದಿಲ್ವೇನೋ ಅಕ್ಕೋರೆ. ಕೇಳೂಕೆ ಆಗ್ತದೆ.”

ಕುಮಟಾಕ್ಕೆ ಮರಳುವಾಗ ಸೇತುವೆ ಬಂದದ್ದೂ ದಾಟಿದ್ದೂ ನನಗೆ ತಿಳಿಯಲಿಲ್ಲ. ದೆವ್ವವಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಹೋದವಳು ನಾನು. ದೆವ್ವವಲ್ಲದ ಹೆಂಗಸನ್ನು ಕಣ್ಣಾರೆ ಕಂಡು, ಅವಳ ಕೈಯ ಚಾ ಕುಡಿದು, ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಹೆದರಿ ಬರುತ್ತಿದ್ದೆ.

ಸೋಮವಾರ ತರಗತಿಯಲ್ಲಿ ಆ ಹೆಂಗಸಿನ ಸುದ್ದಿ ಎತ್ತದೆ ಒಂದು ಕೆಲಸ ಕೊಟ್ಟೆ. ನಿಮಗೆ ದನಿ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಹಿಂದೆ ಹಿಂದೆ ಕೇಳುತ್ತ ಹೋಗಿ. ಹೆಚ್ಚಿನ ದಾರಿಗಳು ನಾಲ್ಕಾರು ಹೆಜ್ಜೆಗೇ ಮುಗಿದವು. ಅಳಿಸಿಹಾಕಿದವರು, ನೆನಪಿಲ್ಲದವರು, “ನಿಂಗೆಂತಕ್ಕೆ ಬೇಕು ಅದು?” ಎಂದು ಬೈದವರು. ಆದರೆ ಉಳಿದ ದಾರಿಗಳೆಲ್ಲ ಒಂದೇ ಕಡೆ ವಾಲುತ್ತಿದ್ದವು. ಕುಮಟಾದಿಂದ ಹೊನ್ನಾವರಕ್ಕೆ, ಅಲ್ಲಿಂದ ಮುರ್ಡೇಶ್ವರಕ್ಕೆ, ಅಲ್ಲಿಂದ ಭಟ್ಕಳಕ್ಕೆ. ಭಟ್ಕಳದ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಓಡಿಬಂದು ಹೇಳಿದಳು, “ಸಿಕ್ತು ಮೇಡಂ. ನಮ್ಮ ತಂಗಿಯ ಟ್ಯೂಶನ್ನಿಗೆ ಬರೂ ಹುಡುಗಿ. ಅವ್ಳ ಅಜ್ಜಿ ಫೋನಿಗೆ ಬರ್ತದಂತೆ. ದಿನಾ.”

ಭಾನುವಾರ ಆ ಮನೆಗೆ ಹೋದೆ. ಹಳೇ ಪೇಟೆಯ ಕಿರಿದಾದ ಓಣಿ, ಬೀದಿಗೆ ತಾಗಿಕೊಂಡೇ ಬಾಗಿಲು. ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಮನೆಯ ಯಜಮಾನ ನನ್ನನ್ನು ಮುಂದಿನ ಕೋಣೆಯಲ್ಲಿ ಕೂರಿಸಿದ. ಒಳಗೆ ಅಜ್ಜಿ ನಮಾಜಿಗೆ ಕೂತಿದ್ದರು, ನಾನು ಅವರನ್ನು ಅಂದು ನೋಡಲಿಲ್ಲ. ಮೊಮ್ಮಗಳು, ಪಿಯುಸಿ ಓದುವವಳು, ಬಾಗಿಲ ಪರದೆ ಹಿಡಿದು ನಿಂತಿದ್ದಳು, ಈಗಲೋ ಆಗಲೋ ಅಳುವಂತೆ.

“ಚೌತಿ ಹೊತ್ತಿಗೆ ತಾಯಿಗೆ ಅಂತ ಹೊಸ ಸಿಮ್ ತಕ್ಕೊಂಡೆ,” ಎಂದ ಯಜಮಾನ. “ವಾರ ಆಗ್ಲಿಲ್ಲ, ಈ ಹೆಂಗ್ಸಿನ ದನಿ ಶುರು ಆಯ್ತು. ಬಳಕೆ ನಿಂತ ನಂಬರನ್ನು ಕಂಪನಿಯವ್ರು ಬೇರೆಯವ್ರಿಗೆ ಕೊಡ್ತಾರಲ್ಲ, ಹಾಗೆ ಬಂದಿದ್ದು ಅಂತ ಆಮೇಲೆ ಗೊತ್ತಾಯ್ತು. ಬ್ಲಾಕ್ ಮಾಡ್ತೇನೆ ಅಂದ್ರೆ ತಾಯಿ ಬಿಡೂದಿಲ್ಲ. ಅವ್ರಿಗೆ ಕಣ್ಣು ಕಾಣೂದು ಕಮ್ಮಿ. ಸಂಜೆ ಆಯ್ತು ಅಂದ್ರೆ ಫೋನು ಮಡಿಲಲ್ಲಿ ಇಟ್ಕೊಂಡು ಕೂತ್ಕೊಳ್ತಾರೆ.”

“ನಾನು ಬರೀ ನನ್ನ ಫ್ರೆಂಡಿಗೆ ಕಳ್ಸಿದ್ದು,” ಎಂದಳು ಮೊಮ್ಮಗಳು. “ಅಜ್ಜಿ ಫೋನಿಗೆ ಯಾರೋ ಹೀಗೆ ಕಳಿಸ್ತಾರೆ, ನಂಗೆ ಹೆದ್ರಿಕೆ ಆಗ್ತದೆ ಅಂತ. ಸೇತುವೆ ಗೀತುವೆ ನಾನು ಬರೀಲಿಲ್ಲ, ನಿಜ.”

ಅಷ್ಟೇ ಇತ್ತು ಅದು. ಕೆಮ್ಮು ಅಜ್ಜಿಯದು, ಉಸಿರು ಅಜ್ಜಿಯದು. ನನಗೆ ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಲಿಲ್ಲ. ಇನ್ನು ಕಾಸರಕೋಡದಲ್ಲಿ ಇದನ್ನು ಹೇಳಬೇಕಲ್ಲ. ಆ ನೀಲಿ ಬಣ್ಣವನ್ನು ಅವಳಿಂದ ಕಿತ್ತುಕೊಳ್ಳಬೇಕಲ್ಲ.

ಕಾಸರಕೋಡದ ಹುಡುಗಿಯ ತಾಯಿ, ಎಂದರೆ ಚಿಕ್ಕಮ್ಮನ ಅಕ್ಕ, ಹೇಳುವುದೇ ಸರಿ ಎಂದಳು. ನಾವು ಮೂವರೂ ಕೂತು ಹೇಳಿದೆವು. ಚಿಕ್ಕಮ್ಮ ಪೂರ್ತಿ ಕೇಳಿದಳು. ದನಿ ಊರೆಲ್ಲ ಹಬ್ಬಿದ್ದನ್ನು ಹೇಳಿದಾಗ ಅಕ್ಕನ ಕಡೆ ಒಮ್ಮೆ ನೋಡಿದಳು, “ನಿಂಗ್ಳಿಗೆಲ್ಲ ಗೊತ್ತಿತ್ತಾ?” ಅಕ್ಕ ತಲೆ ತಗ್ಗಿಸಿದಳು. ಭಟ್ಕಳದ ಅಜ್ಜಿಯ ವಿಷಯ ಹೇಳಿದಾಗ ಅವಳು ನನ್ನ ಕಡೆ ತಿರುಗಿದಳು.

“ನೀವು ಎಂತಕ್ಕೆ ಹುಡ್ಕೂಕೆ ಹೋದ್ರಿ ಅಕ್ಕೋರೆ?”

ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದೆ.

“ನಾನು ಹುಡ್ಕಿ ಅಂತ ಹೇಳಿದ್ನಾ? ಕೇಳ್ತಾ ಇದ್ರು. ನಂಗೆ ಅಷ್ಟು ಸಾಕಿತ್ತು.” ಎದ್ದು ಹೋಗಿ ಮೀನು ತಿರುವತೊಡಗಿದಳು. ಅಕ್ಕ ಕರೆದರೂ ತಿರುಗಲಿಲ್ಲ.

ಆಮೇಲೆ ಕೆಲವು ದಿನ ದನಿ ಹೋಗಲಿಲ್ಲ. ನನಗೆ ಗೊತ್ತಾದದ್ದು ಭಟ್ಕಳದ ಮೊಮ್ಮಗಳಿಂದ. “ಅಜ್ಜಿ ಕೇಳ್ತಾ ಇದ್ದಾರೆ ಮೇಡಂ. ಯಾಕೆ ಕರೀಲಿಲ್ಲ, ಆ ಹುಡುಗಿಗೆ ಏನಾಯ್ತು ಅಂತ. ಊಟ ಸರಿ ಮಾಡೂದಿಲ್ಲ.” ನಾನು ಇದನ್ನು ಕಾಸರಕೋಡದ ಹುಡುಗಿಗೆ ಹೇಳಿದೆ. ಅವಳು ಮನೆಯಲ್ಲಿ ಹೇಳಿರಬೇಕು. ಮರುದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಸರು ಹೇಳುವ ಅಗತ್ಯವೇ ಇರಲಿಲ್ಲ.

“ಅಕ್ಕೋರೆ, ನನ್ನ ಭಟ್ಕಳಕ್ಕೆ ಕರ್ಕಂಡ್ ಹೋಗ್ತ್ರಾ?”

ಹೋದೆವು. ಅಜ್ಜಿ ಒಳಗಿನ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚದ ಮೇಲೆ ಕೂತಿದ್ದರು, ಬಿಳಿ ದುಪಟ್ಟಾ ಹೊದ್ದು, ಮಡಿಲಲ್ಲಿ ಫೋನು. ನಾವು ಹೊಸ್ತಿಲಲ್ಲಿ ನಿಂತಾಗ ಅವರಿಗೆ ಕಾಣಲಿಲ್ಲ. ನನ್ನ ಪಕ್ಕ ನಿಂತ ಕಾಸರಕೋಡದವಳು ಮೆಲ್ಲಗೆ “ಅಜ್ಜಿ” ಎಂದಳು. ಒಂದೇ ಶಬ್ದ. ಮುದುಕಿಯ ಕೈ ಗಾಳಿಯಲ್ಲಿ ಎದ್ದಿತು. ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಮೊಮ್ಮಗಳು ನನ್ನ ಕಿವಿಯಲ್ಲಿ, “ಬಂದ್ಲು ಅಂತಿದ್ದಾರೆ” ಎಂದಳು.

ಕಾಸರಕೋಡದವಳ ಮನೆಮಾತು ಕೊಂಕಣಿ. ಗಂಡ ಕನ್ನಡದವನಾದ್ದರಿಂದ ಅವನಿಗೆ ಕಳಿಸುತ್ತಿದ್ದುದು ಕನ್ನಡದಲ್ಲಿ. ಅಜ್ಜಿಗೆ ಕನ್ನಡ ಅಷ್ಟಾಗಿ ಬಾರದು, ಅವರದು ಭಟ್ಕಳದ ಮುಸ್ಲಿಮರ ಮನೆಮಾತು ನವಾಯತಿ. ಅವಳು ಕೊಂಕಣಿಯಲ್ಲಿ, ಅಜ್ಜಿ ನವಾಯತಿಯಲ್ಲಿ ಮಾತಾಡಿಕೊಂಡರು. ಒಂದಕ್ಕೊಂದು ಹತ್ತಿರದ ಮಾತುಗಳು. ಒಬ್ಬರದು ಒಬ್ಬರಿಗೆ ಹಿಡಿಯುತ್ತಿತ್ತು, ನನಗೆ ಅರ್ಧಂಬರ್ಧ. ಉಳಿದದ್ದನ್ನು ಮೊಮ್ಮಗಳು ಹೇಳಿದಳು. ನಿಮಗೆ ಕಳಿಸಿದ್ದಲ್ಲವೆಂದು ಗೊತ್ತಿದ್ದೂ ಯಾಕೆ ಕೇಳುತ್ತಿದ್ದಿರಿ ಎಂದು ಇವಳು ಕೇಳಿದ್ದಳು. ಮಾತು ಪೂರ್ತಿ ತಿಳಿಯುತ್ತಿರಲಿಲ್ಲ, ಆದರೆ ಯಾರನ್ನೋ ಮನೆಗೆ ಕರೆಯುವುದು ತಿಳಿಯುತ್ತಿತ್ತು, ಕರೆಯುವವರನ್ನು ಕೇಳದೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂದಿದ್ದರು ಅಜ್ಜಿ. ಮತ್ತೆ ಒಂದು ಮಾತೂ ಆಡಲಿಲ್ಲವಲ್ಲ ಎಂದರೆ, “ಎಂತ ಹೇಳಲಿ? ನಾನು ಅವನಲ್ಲ ಅಂದರೆ ನೀನು ಅಳುತ್ತಿದ್ದೆ. ಅವನೇ ಅನ್ನಲು ನನಗೆ ಬಾಯಿ ಬರುತ್ತದಾ?”

ಇವಳು ಮಂಚದ ಕೆಳಗೆ ನೆಲದ ಮೇಲೆ ಕೂತಿದ್ದಳು. ಅಜ್ಜಿಯ ಕೈ ಇವಳ ನೆತ್ತಿಯ ಮೇಲಿತ್ತು. ಬಂದ ದನಿಗಳನ್ನೆಲ್ಲ ಒಮ್ಮೆ ಕೇಳಿಸಿ ಎಂದಳು. ಮೊಮ್ಮಗಳು ಒಂದೊಂದಾಗಿ ಹಾಕಿದಳು. ಗಂಜಿ, ಗಾಳಿ, ಅಕ್ಕನ ಮಗಳ ಕಾಲೇಜು, ಬಲೆ ಹರಿದದ್ದು, ಬನ್ನಿ, ಕೇಳ್ತದಾ. ಅವಳು ತನ್ನದೇ ದನಿಯನ್ನು ಯಾರದೋ ಸಂಸಾರದ ಕತೆ ಕೇಳಿದಂತೆ ಕೇಳುತ್ತಿದ್ದಳು. ನಡುವೆ ಒಂದು ಬಂತು, ಅದರಲ್ಲಿ ಮಾತೇ ಇರಲಿಲ್ಲ. ನೀರು ಮರದ ಹಲಗೆಗೆ ತಾಗುವ ಸದ್ದು, ಮತ್ತೆ ಮತ್ತೆ. ಅದರ ಹಿಂದೆ ಒಂದು ಉದ್ದನೆಯ ಉಸಿರು. ಬಹಳ ಹೊತ್ತು ಇತ್ತು ಅದು.

“ಇದು ನಾ ಕಳ್ಸಿದ್ದಲ್ಲ,” ಎಂದಳು.

ಅವಳ ಫೋನು ತೆಗೆದು ನೋಡಿದೆವು. ಅದರಲ್ಲೂ ಇತ್ತು, ಅವಳೇ ಕಳಿಸಿದ ದನಿಗಳ ಸಾಲಿನಲ್ಲಿ.

“ಬೋಟಿನ ಹತ್ತಿರ ಹೋದಾಗ ಕೈ ತಾಗಿ ಹೋಗಿರಬೇಕು,” ಎಂದೆ.

“ಇವತ್ತೊಂದಿನ ಬಿಟ್ರೆ ನಾ ಫೋನು ಹೊರಗೆ ತಗಂಡ್ ಹೋಗೂದೇ ಇಲ್ಲ ಅಕ್ಕೋರೆ. ಗೂಡಲ್ಲೇ ಇರ್ತದೆ.”

ಅಜ್ಜಿ ಮಾತ್ರ ನಿರಾಳವಾಗಿ ಏನೋ ಅಂದರು. ಆ ದಿನ ಇವಳಿಗೆ ಮಾತು ಹೊರಡದಷ್ಟು ದುಃಖವಾಗಿದೆ ಎಂದುಕೊಂಡು ಅದೊಂದನ್ನೇ ಹೆಚ್ಚು ಸಲ ಕೇಳಿದ್ದೆ ಎಂದರಂತೆ. ಆ ಸದ್ದಿಗೆ ನನ್ನ ಹತ್ತಿರ ಇವತ್ತಿಗೂ ವಿವರಣೆ ಇಲ್ಲ. ಇದ್ದೇ ಇರಬೇಕು, ನನಗೆ ಸಿಕ್ಕಿಲ್ಲ.

ಸಂಜೆಯ ಬಸ್ಸಿನಲ್ಲಿ ಮರಳಿದೆವು. ಅವಳು ಕಿಟಕಿಯ ಪಕ್ಕ, ನಾನು ಈಚೆ. ಮುಂದಿನ ಸೀಟಿನಲ್ಲಿ ಕಾಲೇಜು ಹುಡುಗರು ತಲೆಗೆ ತಲೆ ತಾಗಿಸಿ ಫೋನು ನೋಡುತ್ತಿದ್ದರು. ಮುರ್ಡೇಶ್ವರ ದಾಟುವಾಗ ಅಲ್ಲಿಂದ ಆ ದನಿ ಎದ್ದಿತು. ಎಲ್ಲಿದ್ರಿ, ಕತ್ಲಾತು. ನಾನು ಅವಳ ಕೈ ಹಿಡಿದೆ. ಅವಳು ಬಿಡಿಸಿಕೊಂಡು, ಮುಂದಿನ ಸೀಟಿನ ಕಂಬಿ ಹಿಡಿದು ಎದ್ದು, ಬಗ್ಗಿ ಹೇಳಿದಳು.

“ತಮಾ, ಅದು ನಾನೇ. ನಾ ಸತ್ತಿಲ್ಲ.”

ಹುಡುಗರು ತಿರುಗಿದರು. ಫೋನಿನಲ್ಲಿ ದನಿ ಇನ್ನೂ ಮುಗಿದಿರಲಿಲ್ಲ. ಅವಳ ಮುಖದ ಎದುರಿಗೇ ಅದು “ಕೇಳ್ತದಾ?” ಎಂದು ಕೇಳಿತು. ಒಬ್ಬನ ಕೈಯಿಂದ ಫೋನು ಕೆಳಗೆ ಬಿತ್ತು. ಯಾರೂ ಕಿರುಚಲಿಲ್ಲ. ಅವರು ನನ್ನನ್ನು ನೋಡಿದರು, ನಾನು ಏನಾದರೂ ಹೇಳಿಯೇನು ಎಂದು. ನನ್ನ ನಾಲಿಗೆ ಏಳಲಿಲ್ಲ. ಮುಂದಿನ ನಿಲ್ದಾಣದಲ್ಲಿ ಹುಡುಗರು ದಡದಡ ಇಳಿದುಹೋದರು. ಅವಳು ಕೂತು, “ಹೇಳೂದೇ ಒಳ್ಳೇದು ಅಲ್ದಾ?” ಎಂದಳು. ಕಾಸರಕೋಡ ಬಂತು. ಕತ್ತಲಾಗುತ್ತಿತ್ತು, ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಅವಳ ಜೊತೆ ಇಳಿದೆ.

ಮರುವಾರ ಅಮ್ಮ ಫೋನು ಹಿಡಿದು ಬಂದಳು. “ನೋಡೇ, ಈಗ ಬಸ್ಸಲ್ಲೂ ಕಂಡ್ತಂತೆ.” ಹೊಸ ಬರಹ ಹೀಗಿತ್ತು: ಭಟ್ಕಳದಿಂದ ಹೊನ್ನಾವರಕ್ಕೆ ಬರುವ ಬಸ್ಸಿನಲ್ಲಿ ಹಸಿರು ಸೀರೆಯಲ್ಲಿ ಕೂತಿದ್ದಳು, ಯಾರೂ ಕೇಳದೆ ತಾನೇ ಎದ್ದು ‘ಅದು ನಾನೇ’ ಅಂದಳು, ಪಕ್ಕದಲ್ಲಿ ಕನ್ನಡಕ ಹಾಕಿದ ಇನ್ನೊಂದು ಹೆಂಗಸು ಇತ್ತು, ಅದು ಬಾಯಿ ಬಿಡಲಿಲ್ಲ, ಸೇತುವೆ ದಾಟಿದ ಮೇಲೆ ನೋಡಿದರೆ ಎರಡೂ ಸೀಟು ಖಾಲಿ.

ಎಲ್ಲವೂ ನಿಜವೇ. ಸೀರೆಯ ಬಣ್ಣವೊಂದನ್ನು ಬಿಟ್ಟರೆ ಒಂದಕ್ಷರ ಸುಳ್ಳಿಲ್ಲ. ಕಾಸರಕೋಡ ಸೇತುವೆಗಿಂತ ಮೊದಲೇ ಬರುತ್ತದೆ, ಎರಡೂ ಸೀಟು ಖಾಲಿಯೇ ಇದ್ದಿರಬೇಕು. ವದಂತಿ ಸತ್ಯವನ್ನು ತಿರುಚುತ್ತದೆ ಎಂದು ಕಲಿಸುವವಳು ನಾನು. ಸತ್ಯವನ್ನು ಇದ್ದಂತೆ ತಿಂದು ಅದು ಇನ್ನಷ್ಟು ಬೆಳೆಯಬಲ್ಲದೆಂದು ಗೊತ್ತಿರಲಿಲ್ಲ.

“ಅಮ್ಮಾ, ಆ ಕನ್ನಡಕದವಳು ನಾನು,” ಎಂದೆ.

ಅಮ್ಮ ನಕ್ಕಳು. ಆದರೆ ನಗುವ ಮೊದಲು, ಒಂದೇ ಒಂದು ಸಲ, ಅವಳ ಕಣ್ಣು ನನ್ನ ಪಾದದ ಕಡೆ ಹೋಗಿ ಬಂತು.

ಕಾಸರಕೋಡದವಳು ಆ ಹೊಸ ಬರಹವನ್ನು ಅಕ್ಕನ ಮಗಳಿಂದ ಓದಿಸಿಕೊಂಡು, “ಹಸ್ರು ಸೀರೆ ಯಾರುಟ್ಟಿದ್ರು? ನೀಲಿ ಅದು” ಎಂದಳಂತೆ. ದೇಹ ಸಿಗದೆ ನಿಂತಿದ್ದ ಕ್ರಿಯೆಯನ್ನು ಆ ಚಳಿಗಾಲದಲ್ಲಿ ಮನೆಯವರು ಸಮುದ್ರದ ದಂಡೆಯಲ್ಲಿ ಮಾಡಿ ಮುಗಿಸಿದರು. ಅವಳು ಬೇಡ ಅನ್ನಲಿಲ್ಲ. ಗಂಡನ ನಂಬರಿಗೆ ಕಳಿಸುವುದು ನಿಂತಿತು. ಅದೇ ನಂಬರಿಗೆ, ಸಂಜೆ, ಕೊಂಕಣಿಯಲ್ಲಿ ಅಜ್ಜಿಗೆ ಕಳಿಸುತ್ತಾಳೆ. ಈಗ ಆ ಕಡೆಯಿಂದಲೂ ದನಿ ಬರುತ್ತದೆ. ಒಣಮೀನನ್ನು ಬುಟ್ಟಿ ಕಟ್ಟಿ ಕುಮಟಾದ ಮೀನುಪೇಟೆಗೆ ತಾನೇ ತರುತ್ತಾಳೆ. ನಾನು ಅಲ್ಲಿ ಹೋದಾಗೆಲ್ಲ ಮಾತಾಡಿಸುತ್ತೇನೆ.

ಈ ವರ್ಷದ ಮಕ್ಕಳಿಗೂ ಆ ದನಿ ಬಂದಿದೆ. ಮೊನ್ನೆ ತರಗತಿಯಲ್ಲಿ ಈ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಆ ಹೆಂಗಸು ಬದುಕಿದ್ದಾಳೆ ಎಂದೆ. ಎಲ್ಲರೂ ಮರ್ಯಾದೆಯಿಂದ ತಲೆಯಾಡಿಸಿದರು. ಗಂಟೆ ಹೊಡೆದ ಮೇಲೆ ಒಬ್ಬಳು ಹುಡುಗಿ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದಳು.

“ಮೇಡಂ, ನೀವು ಹೇಳಿದ್ದು ಸರಿ ಇರ್ಬಹುದು. ಆದ್ರೆ ನಮ್ಮಮ್ಮ ಕಂಡಿದ್ದಾರೆ ಅದನ್ನ. ಕುಮಟಾ ಪೇಟೇಲಿ. ಒಣ ಬಂಗಡೆ ಇಟ್ಕಂಡು ಕೂತಿತ್ತಂತೆ. ‘ಬನ್ನಿ’ ಅಂತಂತೆ. ಅಮ್ಮ ಹಿಂದೆ ನೋಡ್ದೆ ಮನೆಗೆ ಬಂದ್ರು.”